ಫಾರ್ಮ್ಯಾಟ್ ಹೊಡೆಯುವ ಮುನ್ನ

ಬ್ಯಾಗನ್ನು ಹೆಗಲಿಗೆ ಹಾಕಬೇಡಿ. ತೊಡೆ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಒಳಗೆ 1 ಟಿಬಿಯ ಹೊಸ ಹಾರ್ಡ್ ಡಿಸ್ಕ್ ಇದೆ, ಅದಕ್ಕೆ ಕುಲುಕಾಟ ಆಗಿಬರುವುದಿಲ್ಲ. ಜೊತೆಗೆ ನಾಲ್ಕು ಪೆನ್‌ಡ್ರೈವ್, ಒಂದು ಎಸ್‌ಎಸ್‌ಡಿ, ಸ್ಟಾರ್ ಸ್ಕ್ರೂಡ್ರೈವರ್, ದೂಳು ಹೊಡೆಯಲು ಪೇಂಟ್ ಬ್ರಷ್, ರ‍್ಯಾಮ್ ಉಜ್ಜಲು ಮಕ್ಕಳ ರಬ್ಬರ್, ಸಿಆರ್2032 ಸೆಲ್ಲಿನ ಒಂದು ಪಟ್ಟಿ, ಸಾಟಾ ಕೇಬಲ್. ನನ್ನ ಅಂಗಡಿ ಅಂದರೆ ಇಷ್ಟೇ. ಹಿಂದಿನ ಸೀಟಿನಲ್ಲಿ ಸರಿಯಾಗಿ ಕೂತಿರಾ? ಹೊರಡೋಣ.

ಇವತ್ತು ಮೂರು ಕಡೆ ಕೆಲಸ. ಮಂಡ್ಯದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸು, ಮದ್ದೂರಿನಲ್ಲಿ ಎಳನೀರು ಮಂಡಿ, ಮಳವಳ್ಳಿಯಲ್ಲಿ ರಿಟೈರಾದ ಒಬ್ಬರು ಮೇಷ್ಟ್ರು. ಮಂಡಿಯವರು ಫೋನಿನಲ್ಲಿ ಹೇಳಿದ್ದು, "ಸಿಸ್ಟಮ್ ಹೋಗ್ಬುಟ್ಟದೆ ಕನಣ್ಣ, ಬಂದು ಫಾರ್ಮ್ಯಾಟ್ ಹೊಡ್ದುಕೊಡಿ." ಮೇಷ್ಟ್ರು ಹೇಳಿದ್ದು, "ಬೆಂಗ್ಳೂರಿಂದ ಮಗ ಫೋನ್ ಮಾಡಿದ್ದ, ಫಾರ್ಮ್ಯಾಟ್ ಮಾಡ್ಸಿ ಅಂದ." ಪ್ರೆಸ್ಸಿನವರ ದನಿ ಮಾತ್ರ ನಡುಗುತ್ತಿತ್ತು: "ನೆನ್ನೆ ಫಾರ್ಮ್ಯಾಟ್ ಹೊಡೆಸ್ದೆ ಸಾರ್. ಎಲ್ಲಾ ಹೋಯ್ತು."

ಜ್ವರ, ತಲೆನೋವು, ಹೊಟ್ಟೆನೋವು ಎಲ್ಲಕ್ಕೂ ಒಂದೇ ಇಂಜೆಕ್ಷನ್ ಕೊಡುವ ಡಾಕ್ಟರಿದ್ದ ಹಾಗೆ, ನಮ್ಮ ಕಡೆ ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಇದೊಂದೇ ಔಷಧಿ. ನಾನೂ ಅದನ್ನೇ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಯಾಕೆ ಅನ್ನುವುದನ್ನು ದಾರಿಯಲ್ಲಿ ಹೇಳುತ್ತೇನೆ.

ಪೇಟೆಬೀದಿ ಬಂತು. ಚಪ್ಪಲಿ ಬಾಗಿಲಲ್ಲಿ ಬಿಡಿ. ಒಳಗೆ ಮಸಿ, ಸೀಮೆಎಣ್ಣೆ, ಹೊಸ ಕಾಗದ ಮೂರೂ ಸೇರಿದ ವಾಸನೆ. ಮೇ ತಿಂಗಳು, ಲಗ್ನದ ಕಾಲ. ಮೇಜಿನ ಮೇಲೆ ಅರಿಸಿನದ ಬೊಟ್ಟಿಟ್ಟ ಒಂದು ಮಾದರಿ ಲಗ್ನಪತ್ರಿಕೆ, ಪಕ್ಕದಲ್ಲಿ ಹೆಣ್ಣಿನ ಕಡೆಯವರು ಕೈಬರಹದಲ್ಲಿ ಕೊಟ್ಟ ಹೆಸರಿನ ಪಟ್ಟಿ. ಯಜಮಾನರು ಮಾತಾಡುತ್ತಿಲ್ಲ. ಬೆರಳಲ್ಲಿ ಪರದೆಯನ್ನು ತೋರಿಸುತ್ತಾರೆ ಅಷ್ಟೇ.

ನೋಡಿ. ಗಣಪತಿಯ ಚಿತ್ರ ಇದ್ದಲ್ಲೇ ಇದೆ. ಬಾಳೆಕಂಬದ ಅಂಚು ಇದೆ. ನಡುವೆ ಅಕ್ಷರ ಇರಬೇಕಾದ ಕಡೆಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಒಂದು ಪದವನ್ನು ನಿಧಾನವಾಗಿ ಓದಿ: ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡಿನ ಗುರುತು, ಮತ್ತೆ ಅದೇ ಓರೆಗೆರೆಯ ಎ, ಜರ್ಮನ್ನರ ಬೀಟಾದಂಥ ಎಸ್, ಕ್ಯೂ, ಇನ್ನೊಂದು ಓರೆಗೆರೆಯ ಎ. ಏಳು ಗುರುತು. ಯಜಮಾನರ ಕಣ್ಣಿಗೆ ಅದು ಹಾಳಾಗಿಹೋದ ಫೈಲು. ನಾನು ಅದನ್ನು ಓದಬಲ್ಲೆ. ಅಲ್ಲಿ ಬರೆದಿರುವುದು "ಕನ್ನಡ" ಎಂದು. ಕನ್ನಡ ಸಂಘದ ಅಧ್ಯಕ್ಷರು ಎಂಬ ಸಾಲಿನ ಮೊದಲ ಪದ ಅದು.

ಏನೂ ಹೋಗಿಲ್ಲ. ನೆನ್ನೆ ಬಂದ ಹುಡುಗ ಸಿ ಡ್ರೈವ್ ಅಳಿಸಿ ಹೊಸ ವಿಂಡೋಸ್ ಹಾಕಿದ್ದಾನೆ. ಡಿ ಡ್ರೈವಿನಲ್ಲಿದ್ದ ಪತ್ರಿಕೆಗಳು ಹಾಗೇ ಇವೆ. ಅಳಿಸಿದ್ದರ ಜೊತೆ ಹೋದದ್ದು ನುಡಿ, ಶ್ರೀಲಿಪಿ ಫಾಂಟುಗಳು. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇಲ್ಲದ ಕಾಲ ಒಂದಿತ್ತು. ಆಗ ನಮ್ಮವರು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡವನ್ನು ಕೂರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಸರ್ಕಾರಿ ಕಚೇರಿಗಳಲ್ಲೆಲ್ಲ ನುಡಿ ಕೂತಿತು. ಮೆಷಿನ್ನು ಉಳಿಸಿಟ್ಟುಕೊಳ್ಳುವುದು ಪಿ ಅಕ್ಷರದ ನಂಬರು. ಅದಕ್ಕೆ 'ಕ'ದ ಮೈ ತೊಡಿಸುವುದು ಫಾಂಟು. ಫಾಂಟು ಹೋದರೆ ಬಟ್ಟೆ ಕಳಚಿದ ಹಾಗೆ, ಒಳಗಿನ ಪಿ ಕಾಣುತ್ತದೆ. ಯೂನಿಕೋಡ್ ಬಂದು ಕನ್ನಡಕ್ಕೆ ಸ್ವಂತ ಡೋರ್ ನಂಬರು ಸಿಕ್ಕಿತು, 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟೂ ಬಂತು. ಆದರೆ ಪ್ರೆಸ್ಸುಗಳ ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ತಿಥಿ ಕಾರ್ಡು, ಊರಹಬ್ಬದ ಕರಪತ್ರ ಎಲ್ಲವೂ ಹಳೇ ಬಾಡಿಗೆ ಮನೆಯಲ್ಲೇ ಇವೆ.

"ಸೇವ್ ಮಾಡಿದ್ರಾ?" ಇದೊಂದು ಪ್ರಶ್ನೆಗೆ ಉತ್ತರ ಬರುವವರೆಗೆ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ಕೋರಲ್‌ಡ್ರಾ ತೆರೆಯುವಾಗ, ಈ ಫಾಂಟು ಇಲ್ಲ, ಬದಲಿಗೆ ಯಾವುದು ಹಾಕಲಿ ಎಂದು ಕೇಳುತ್ತದೆ. ಆಗ ಗಾಬರಿಯಲ್ಲಿ ಹೂಂ ಎಂದು ಒತ್ತಿ, ಸೇವ್ ಮಾಡಿ ಮುಚ್ಚಿದರೆ ನಿಜವಾದ ತೊಂದರೆ.

"ಇಲ್ಲ ಸಾರ್. ಕೈಯೇ ಇಟ್ಟಿಲ್ಲ."

ಬ್ಯಾಗಿನ ಎಡಗಡೆ ಜೇಬಿನಲ್ಲಿ ಬಿಳಿ ಪೆನ್‌ಡ್ರೈವ್ ಇದೆ, ಕೊಡಿ. ಇದರಲ್ಲಿ ಬರೀ ಫಾಂಟುಗಳು. ನುಡಿ ಹಾಕುತ್ತೇನೆ. ಶ್ರೀಲಿಪಿಗೆ ಅವರದೇ ಲೈಸೆನ್ಸಿನ ಡಿಸ್ಕ್ ಇದೆಯಂತೆ, ದೇವರ ಫೋಟೋದ ಹಿಂದೆ ಇಟ್ಟಿದ್ದರು, ಅದೂ ಆಯಿತು. ಈಗ ಕೋರಲ್ ಮುಚ್ಚಿ ಮತ್ತೆ ತೆರೆಯುತ್ತೇನೆ. ಬಗ್ಗಿ ನೋಡಿ. ಗಣಪತಿಯ ಕೆಳಗೆ ಮೊದಲ ಸಾಲು, ಆಮೇಲೆ ಕುಲದೇವರು, ಆಮೇಲೆ ವರನ ಹೆಸರು, ವಧುವಿನ ಹೆಸರು. ಪರದೆ ಒಂದು ಸಲ ಮಿಟುಕಿಸಿದಷ್ಟೇ ಹೊತ್ತಿನಲ್ಲಿ ಇಡೀ ಬಂಧುಬಳಗ ಎದ್ದು ಬಂದು ನಿಂತಿದೆ. ಯಜಮಾನರು ಕುರ್ಚಿಯಲ್ಲಿ ಕೂತು, ಟವೆಲಿನಿಂದ ಮುಖ ಒತ್ತಿಕೊಂಡು, ತುಂಬಾ ಹೊತ್ತಿನ ಮೇಲೆ "ಕಾಫಿ ತರ್ಸು" ಎಂದು ಹುಡುಗನಿಗೆ ಹೇಳುತ್ತಾರೆ.

ಕಾಫಿ ಕುಡಿದು ಹೊರಡುವಷ್ಟರಲ್ಲಿ ಒಂಬತ್ತೂವರೆ. ಮದ್ದೂರಿಗೆ 20 ಕಿಲೋಮೀಟರು. 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಪಕ್ಕದಲ್ಲೇ ಓಡುತ್ತಿದೆ, ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ನಮಗೆ ಸರ್ವಿಸ್ ರಸ್ತೆ. ಹನಕೆರೆ ದಾಟಿದೆವು. ಗೆಜ್ಜಲಗೆರೆಯಲ್ಲಿ ಹಾಲಿನ ಟ್ಯಾಂಕರುಗಳ ಸಾಲು. ಹಂಪು ಬಂದಾಗ ಬ್ಯಾಗನ್ನು ಸ್ವಲ್ಪ ಎತ್ತಿ ಹಿಡಿಯಿರಿ, ಹಾಗೇ, ಮಗುವನ್ನು ಹಿಡಿದ ಹಾಗೆ.

ಮದ್ದೂರಿನ ಎಳನೀರು ಮಾರುಕಟ್ಟೆಯನ್ನು ಬೇಸಿಗೆಯಲ್ಲಿ ನೋಡಬೇಕು. ಹಸಿರು ಗುಡ್ಡೆಗಳ ನಡುವೆ ಲಾರಿಗಳು ಬೆನ್ನು ಕೊಟ್ಟು ನಿಂತಿವೆ. ಒಬ್ಬ ಎಸೆಯುತ್ತಾನೆ, ಒಬ್ಬ ಹಿಡಿಯುತ್ತಾನೆ, ಒಬ್ಬ ರಾಗವಾಗಿ ಎಣಿಸುತ್ತಾನೆ. ಮುಂಬೈಗೆ ಹೋಗುವ ಲೋಡು ಮಧ್ಯಾಹ್ನದೊಳಗೆ ಹೊರಡಬೇಕು, ಬಿಲ್ಲು ಆಗಿಲ್ಲ. ಮಂಡಿಯ ಮೂಲೆಯ ತಗಡಿನ ಕೋಣೆಯಲ್ಲಿ ಕಂಪ್ಯೂಟರು. ಅದರ ಪರದೆಯ ಮೇಲೆ ಒಂದೇ ಸಾಲು: ರಿಪೇರಿ ತಯಾರಿ ನಡೆಯುತ್ತಿದೆ. ಆಮೇಲೆ ಕಪ್ಪು. ಆಮೇಲೆ ಮತ್ತೆ ಅದೇ ಸಾಲು. ರಾತ್ರಿ ಗಾಳಿಗೆ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿದೆ, ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಬರೆಯುತ್ತಿದ್ದ ಕೈ ಅರ್ಧ ಅಕ್ಷರಕ್ಕೇ ನಿಂತಿದೆ.

"ಫಾರ್ಮ್ಯಾಟ್ ಹೊಡಿ ಅಣ್ಣ, ಲಾರಿ ನಿಂತದೆ," ಮಂಡಿಯ ಹುಡುಗ ನಿಂತಲ್ಲಿ ನಿಲ್ಲುತ್ತಿಲ್ಲ.

"ಟ್ಯಾಲಿ ಲೆಕ್ಕ ಎಲ್ಲದೆ?"

"ಡೆಸ್ಕ್‌ಟಾಪ್ ಮೇಲೆ. ಆ ಐಕಾನ್ ಒತ್ತುದ್ರೆ ಬತ್ತದಲ್ಲ."

ಕೇಳಿದಿರಾ? ಐಕಾನು ಬಾಗಿಲು ಮಾತ್ರ, ಮನೆ ಬೇರೆ ಕಡೆ ಇರುತ್ತದೆ. ಡೆಸ್ಕ್‌ಟಾಪೂ ಸಿ ಡ್ರೈವಿನ ಒಳಗೇ, ಟ್ಯಾಲಿಯ ಲೆಕ್ಕವೂ ಎಷ್ಟೋ ಸಲ ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ. ಅಲ್ಲಿ ಕಂಪನಿಯ ಹೆಸರೂ ಇರುವುದಿಲ್ಲ, 10000 ಎಂಬಂಥ ಐದಂಕಿಯ ಒಂದು ಫೋಲ್ಡರ್ ಇರುತ್ತದೆ. ಡಾಕ್ಯುಮೆಂಟ್ಸ್, ಫೋಟೋ, ಡೌನ್‌ಲೋಡ್ ಎಲ್ಲ ಜೋಪಾನವಾಗಿ ಕಾಪಿ ಮಾಡಿಕೊಂಡು, ಇದೊಂದನ್ನು ಬಿಟ್ಟು ಸಿ ಅಳಿಸಿದವರನ್ನು ನಾನು ಕಂಡಿದ್ದೇನೆ.

ಕೆಂಪು ಪೆನ್‌ಡ್ರೈವ್ ಕೊಡಿ. ಬೂಟ್ ಆಯಿತು. ಇನ್‌ಸ್ಟಾಲ್ ಎಂಬ ದೊಡ್ಡ ಗುಂಡಿಯನ್ನು ನಾನು ಒತ್ತುವುದಿಲ್ಲ. ಕೆಳಗಿನ ಮೂಲೆಯಲ್ಲಿ ಸಣ್ಣಗೆ ರಿಪೇರಿ ಎಂದಿದೆಯಲ್ಲ, ಅದು. ಅದರೊಳಗೆ ಕಮಾಂಡ್ ಪ್ರಾಂಪ್ಟ್. ಕಪ್ಪು ಕಿಟಕಿ ತೆರೆಯಿತು. ಇಲ್ಲಿ ನೋಟ್‌ಪ್ಯಾಡ್ ಎಂದು ಬರೆದರೆ ನೋಟ್‌ಪ್ಯಾಡ್ ತೆರೆಯುತ್ತದೆ, ಅದರ ಓಪನ್ ಒತ್ತಿದರೆ ಇಡೀ ಡಿಸ್ಕ್ ಕಾಣುತ್ತದೆ. ಏಳದ ಮೆಷಿನ್ನಿನ ಹೊಟ್ಟೆಯೊಳಕ್ಕೆ ಇದೇ ಕಳ್ಳದಾರಿ. ಹುಷಾರು, ಇಲ್ಲಿ ಸಿ ಅಂತ ಕಾಣುವುದು ಸಿ ಆಗಿರಬೇಕಿಲ್ಲ, ಈ ಪರದೆಯಲ್ಲಿ ಅಕ್ಷರಗಳು ಅದಲುಬದಲಾಗುತ್ತವೆ. ಹೋಗಿ ನೋಡಿ ಗುರುತು ಹಿಡಿಯಬೇಕು. ಇಗೋ, ಡಿ ಎಂದು ಕಾಣುವುದರೊಳಗೆ ವಿಂಡೋಸ್ ಇದೆ, ಯೂಸರ್ಸ್ ಇದೆ, ಪಬ್ಲಿಕ್ ಇದೆ. 10000. 10001. ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ. ಈಗ ಉಸಿರು ಬಿಡಿ. ಇನ್ನು ಮೆಷಿನ್ನು ಸತ್ತರೂ ಮಂಡಿ ಬದುಕಿದೆ.

ಆಮೇಲೆ ಡಿಸ್ಕಿನ ತಪ್ಪು ತಿದ್ದುವ ಚೆಕ್‌ಡಿಸ್ಕ್. ಬಿಳಿ ಸಾಲುಗಳು ಮೇಲಕ್ಕೆ ಹರಿಯುತ್ತಿವೆ, ಹೊರಗೆ ಎಣಿಸುವವನ ರಾಗ ನಡೆದೇ ಇದೆ. ಈ ಕಪ್ಪು ಕಿಟಕಿಯ ಮುಂದೆ ಕೂತಾಗೆಲ್ಲ ನನಗೆ 2024ರ ಜುಲೈ 19, ಆ ಶುಕ್ರವಾರ ನೆನಪಾಗುತ್ತದೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ನುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅಂಥ ದಿನವೂ ಯಾರೂ ಫಾರ್ಮ್ಯಾಟ್ ಹೊಡೆಯಬೇಕಿರಲಿಲ್ಲ. ಸೇಫ್ ಮೋಡಿಗೆ ಹೋಗಿ, ಡ್ರೈವರ್ಸ್ ಫೋಲ್ಡರಿನ ಒಳಗೆ 291 ಎಂಬ ಅಂಕಿಯಿದ್ದ ಒಂದೇ ಒಂದು ಫೈಲನ್ನು ಅಳಿಸಿದರೆ ಮೆಷಿನ್ನು ಎದ್ದು ನಿಲ್ಲುತ್ತಿತ್ತು. ತೊಂದರೆ ಏನೆಂದರೆ ಅದನ್ನು ಒಂದೊಂದು ಮೆಷಿನ್ನಿನ ಮುಂದೆಯೂ ಒಬ್ಬ ಮನುಷ್ಯ ಕೂತು ಕೈಯಾರೆ ಮಾಡಬೇಕಿತ್ತು. ನಮ್ಮ ಕೆಲಸದ ಬೆಲೆ ನನಗೆ ಚೆನ್ನಾಗಿ ತಿಳಿದದ್ದು ಆ ವಾರ.

ಚೆಕ್‌ಡಿಸ್ಕ್ ಮುಗಿಯಿತು. ರೀಸ್ಟಾರ್ಟ್. ಚುಕ್ಕಿಗಳ ಬಳೆ ತಿರುಗುತ್ತಿದೆ, ತಿರುಗುತ್ತಿದೆ, ಮತ್ತೆ ಆ ಹಾಳು ಸಾಲು ಬರುತ್ತದೋ ಎಂದು ಹುಡುಗ ಉಗುರು ಕಚ್ಚುತ್ತಿದ್ದಾನೆ. ಬಂತು, ಡೆಸ್ಕ್‌ಟಾಪ್ ಬಂತು. ಹುಡುಗ ಒಂದೇ ನೆಗೆತಕ್ಕೆ ಕುರ್ಚಿಗೆ ಹಾರಿ ಬಿಲ್ಲು ಹೊಡೆಯತೊಡಗಿದ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಇವತ್ತೇ ಹಾಕಿಸಬೇಕು ಎಂದು ಯಜಮಾನರ ಕೈ ಹಿಡಿದು ಎರಡು ಸಲ ಹೇಳಿದ್ದೇನೆ. ನಿಮಗೂ ಒಂದು ಎಳನೀರು ಕೆತ್ತಿದ್ದಾರೆ, ಗಂಜಿ ಇರುವ ಕಾಯಿ, ಕುಡಿದು ಬನ್ನಿ.

ಈಗ ಮಳವಳ್ಳಿ ರಸ್ತೆ. ಎರಡೂ ಕಡೆ ಕಬ್ಬು, ನಡುನಡುವೆ ತೆಂಗು, ಹಿಪ್ಪುನೇರಳೆ. ಕೆ.ಎಂ. ದೊಡ್ಡಿಯವರೆಗೆ ಟ್ರ್ಯಾಕ್ಟರುಗಳ ಹಿಂದೆಯೇ ಹೋಗಬೇಕು, ಹಾಗಾಗಿ ಮಾತಾಡಲು ಹೊತ್ತಿದೆ.

2011. ಹೊಸದಾಗಿ ಕೆಲಸ ಕಲಿತ ಉಮೇದು. ಇದೇ ರಸ್ತೆಯ ಒಂದು ಹಳ್ಳಿಯ ಮನೆ, ಎಕ್ಸ್‌ಪಿ ಮೆಷಿನ್ನು, ಒಂದೇ ಡ್ರೈವು. ಮನೆಯಲ್ಲಿ ಒಬ್ಬ ಹುಡುಗ ಮಾತ್ರ ಇದ್ದ. "ಇದ್ರಲ್ಲಿ ಏನಾದ್ರೂ ಬೇಕಾ?" ಅಂದೆ. "ಗೇಮ್ ಅಷ್ಟೇ ಅಣ್ಣ," ಅಂದ. ಫಾರ್ಮ್ಯಾಟ್ ಹೊಡೆದೆ, ಮುಕ್ಕಾಲು ಗಂಟೆಯಲ್ಲಿ ಹೊಸ ವಿಂಡೋಸ್, 300 ರೂಪಾಯಿ. ರಾತ್ರಿ ಹುಡುಗನ ಅಪ್ಪ ಫೋನ್ ಮಾಡಿದರು. ಬೈಯಲಿಲ್ಲ. "ಅದ್ರಲ್ಲಿ ನಮ್ಮವ್ವನ ದನಿ ಇತ್ತು ಕನಪ್ಪ. ಮೊಬೈಲಲ್ಲಿ ಹಿಡ್ದು ಅದ್ಕೆ ಹಾಕ್ಸಿದ್ದೆ. ಬತ್ತದಾ?" ಎಂದು ಕೇಳಿದರು. ಮೂರು ದಿನ ಕೂತೆ. ಅಳಿಸಿದ ಫೈಲು ತಕ್ಷಣ ಸಾಯುವುದಿಲ್ಲ, ಅದರ ವಿಳಾಸ ಮಾತ್ರ ಅಳಿಸಿರುತ್ತದೆ, ಜಾಗ ಖಾಲಿ ಎಂದು ಬೋರ್ಡು ಬಿದ್ದಿರುತ್ತದೆ. ಆ ಜಾಗದ ಮೇಲೆ ಬೇರೆ ಏನೂ ಬರೆಯದಿದ್ದರೆ ಹುಡುಕಿ ತೆಗೆಯಬಹುದು. ನಾನೇ ಅದರ ಮೇಲೆ ಇಡೀ ವಿಂಡೋಸ್ ಬರೆದಿದ್ದೆ. ಫೋಟೋಗಳು ಒಂದಷ್ಟು ಸಿಕ್ಕವು, ದನಿ ಸಿಗಲಿಲ್ಲ. ಅವರು ಕಾಸು ಹಿಂದಕ್ಕೆ ಇಸಿದುಕೊಳ್ಳಲೂ ಒಪ್ಪಲಿಲ್ಲ. ಆ ಊರಿನ ಕಮಾನು ಈಗ ಎಡಕ್ಕೆ ಬರುತ್ತದೆ. ಬಂತು. ಹೋಯಿತು.

ಮಳವಳ್ಳಿ. ಬಸ್ ಸ್ಟ್ಯಾಂಡಿನಿಂದ ಒಳಗೆ ಎರಡು ತಿರುವು. ಹೆಂಚಿನ ಮನೆ, ಜಗಲಿ, ಜಗಲಿಯ ಮೇಲೆ ಮೇಷ್ಟ್ರು ಆಗಲೇ ಕಾಯುತ್ತಿದ್ದಾರೆ. ಕಂಪ್ಯೂಟರು ನಡುಮನೆಯಲ್ಲಿ, ಮೇಲೆ ಮೊಮ್ಮಗುವಿನ ಹಳೇ ಶಾಲು ಹೊದಿಸಿದೆ. ಶಾಲು ತೆಗೆದು ಮಡಿಸಿಟ್ಟು, ಸ್ವಿಚ್ಚು ಒತ್ತುವ ಮೊದಲು ನಾನು ಕೇಳುವುದು ಒಂದೇ:

"ಮೇಷ್ಟ್ರೇ, ಇದ್ರಲ್ಲಿ ಏನೇನಿದೆ?"

ಮೇಷ್ಟ್ರು ಮಾತಾಡದೆ ಗೂಡಿನಿಂದ ಒಂದು ನೋಟ್‌ಬುಕ್ ತಂದರು. ನೀವೇ ತೆರೆಯಿರಿ. 1ರಿಂದ 40ರವರೆಗೆ ನಂಬರು, ಪ್ರತಿ ನಂಬರಿನ ಮುಂದೆ ಊರು, ತಾರೀಖು, ಹಾಡಿದವರ ಹೆಸರು, ದುಂಡಗಿನ ಅಕ್ಷರದಲ್ಲಿ. ಇದೇ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಮಠವಿರುವ ಊರು. ಆ ಒಕ್ಕಲಿನ ನೀಲಗಾರರು ತಂಬೂರಿ ಮೀಟಿಕೊಂಡು, ಗಗ್ಗರ ಕುಟ್ಟಿಕೊಂಡು, ಬೆಳಗಾಗುವವರೆಗೂ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುತ್ತಾರೆ. ಮೇಷ್ಟ್ರು 1994ರಿಂದ ನಾಲ್ಕು ವರ್ಷ, ಸೆಲ್ ಹಾಕಿದ ಟೇಪ್‌ರೆಕಾರ್ಡರ್ ಹಿಡಿದು ಆ ಹಾಡುಗಳ ಹಿಂದೆ ತಿರುಗಿದ್ದಾರೆ. 2012ರಲ್ಲಿ ಈ ಕಂಪ್ಯೂಟರ್ ಕೊಂಡು, ಟೇಪಿನಿಂದ ಇದಕ್ಕೆ ವೈರು ಎಳೆದು, ಒಂದೊಂದೇ ಕ್ಯಾಸೆಟ್ಟನ್ನು ಹಾಡಿಸಿ ಹಾಡಿಸಿ ತುಂಬಿದ್ದಾರೆ. ಆಮೇಲೆ ಮಳೆಗಾಲದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಎಸೆದದ್ದಾಯಿತು.

"ಬೇರೆ ಕಡೆ ಇನ್ನೊಂದು ಕಾಪಿ?"

"ಇದೇ ಕಾಪಿ ಕಣಪ್ಪ. ಹಾಡ್ದೋರಲ್ಲಿ ಬಾಳ ಜನ ಈಗಿಲ್ಲ."

ಕೈ ತೊಳೆದು ಬರುತ್ತೇನೆ. ನೀವು ಕ್ಯಾಬಿನೆಟ್ಟಿನ ಎರಡು ಸ್ಕ್ರೂ ಬಿಚ್ಚಿ. ದೂಳು ಹೆದರಿಸುವಷ್ಟಿದೆ, ಬ್ರಷ್ಷಿನಿಂದ ಮೆಲ್ಲಗೆ. ಈಗ ಸ್ವಿಚ್ಚು, ಜೊತೆಗೇ ಎಫ್12. ಒಂದು ಬೋರ್ಡಿಗೆ ಎಫ್12, ಇನ್ನೊಂದಕ್ಕೆ ಎಫ್8, ಮತ್ತೊಂದಕ್ಕೆ ಎಫ್11, ಬೆರಳಿಗೆ ಅಭ್ಯಾಸವಾಗಿಬಿಟ್ಟಿದೆ. ಒಳಗಿನ ವಿಂಡೋಸ್ 7 ಏಳಲು ನಾನು ಬಿಡುವುದಿಲ್ಲ. ಸೋತ ಡಿಸ್ಕಿನಿಂದ ವಿಂಡೋಸ್ ಎಬ್ಬಿಸುವುದೆಂದರೆ ಎದೆನೋವಿನವರನ್ನು ಮೆಟ್ಟಿಲು ಹತ್ತಿಸಿದ ಹಾಗೆ, ಏಳುವಾಗ ಅದು ಡಿಸ್ಕಿನ ಮೇಲೆ ಬರೆಯಲೂ ಹೋಗುತ್ತದೆ. ಕಪ್ಪು ಪೆನ್‌ಡ್ರೈವ್ ಕೊಡಿ. ಇದರಲ್ಲಿ ಲಿನಕ್ಸ್ ಇದೆ, ಪೆನ್‌ಡ್ರೈವಿನಿಂದಲೇ ಓಡುತ್ತದೆ, ಹೇಳದೆ ಡಿಸ್ಕನ್ನು ಮುಟ್ಟುವುದಿಲ್ಲ.

ಮೊದಲು ಡಿಸ್ಕಿನ ನಾಡಿ ನೋಡೋಣ. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಇಲ್ಲಿ ನೋಡಿ: ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, 136. ಒಂದು ಇದ್ದರೂ ನಾನು ಎಚ್ಚರಾಗುತ್ತೇನೆ. ಕಿವಿ ಹತ್ತಿರ ತನ್ನಿ. ಹಲ್ಲಿ ಲೊಚಗುಟ್ಟಿದಂಥ ಸದ್ದು ಕೇಳುತ್ತಿದೆಯೇ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಓದುವ ಮುಳ್ಳು ಒಂದೇ ಕಡೆ ತಡವರಿಸುತ್ತಿದೆ. ಇಂಥ ಡಿಸ್ಕಿನ ಮೇಲೆ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿದ್ದರೆ ಬಹುಶಃ ಒಂದು ವಾರ ಓಡುತ್ತಿತ್ತು, ಆ ಒಂದು ವಾರಕ್ಕೆ 40 ಕ್ಯಾಸೆಟ್ಟು ತೆತ್ತಂತಾಗುತ್ತಿತ್ತು.

ಬ್ಯಾಗಿನಿಂದ ಹೊಸ ಡಿಸ್ಕ್ ತೆಗೆಯಿರಿ. ನೀವು ಮಂಡ್ಯದಿಂದ ಮಗುವಿನ ಹಾಗೆ ತಂದದ್ದು ಇದಕ್ಕೇ. ಸಾಟಾ ಕೇಬಲ್ಲಿನಿಂದ ಒಳಗೇ ಸೇರಿಸಿದೆ. ಈಗ ಡಿಡಿರೆಸ್ಕ್ಯೂ ಎಂಬ ಪುಟ್ಟ ಪ್ರೋಗ್ರಾಂ. ಫೈಲುಗಳ ಗೊಡವೆಯಿಲ್ಲದೆ ಹಳೇ ಡಿಸ್ಕನ್ನು ಸೆಕ್ಟರಿಗೆ ಸೆಕ್ಟರ್ ಹೊಸದಕ್ಕೆ ಇಳಿಸುತ್ತದೆ. ಇದರ ಜಾಣತನ ಇರುವುದು ಇಲ್ಲಿ: ಕೆಟ್ಟ ಜಾಗ ಬಂದರೆ ಹಟ ಹಿಡಿದು ಅಲ್ಲೇ ನಿಲ್ಲುವುದಿಲ್ಲ. ಕಳೆ ಕೀಳುವ ಹೆಂಗಸರು ಮುಳ್ಳಿನ ಪೊದೆ ಸಿಕ್ಕರೆ ಬಿಟ್ಟು ಮುಂದೆ ಹೋಗಿ, ಗದ್ದೆಯೆಲ್ಲ ಮುಗಿಸಿ ಕೊನೆಗೆ ಪೊದೆಗೆ ಬರುತ್ತಾರಲ್ಲ, ಹಾಗೆ. ಎಲ್ಲಿಯವರೆಗೆ ಬಂದೆ, ಎಲ್ಲಿ ಬಿಟ್ಟೆ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಆ ನಕ್ಷೆಯನ್ನು ಇನ್ನೊಂದು ಪೆನ್‌ಡ್ರೈವಿಗೆ ಬರೆಸುತ್ತಿದ್ದೇನೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಮಾತ್ರ ಮೂರು ಸಲ ಓದಬೇಕು. ಹಿಂದುಮುಂದಾದರೆ ಖಾಲಿ ಡಿಸ್ಕು ಹಾಡುಗಳ ಮೇಲೆ ಇಳಿಯುತ್ತದೆ. ನೀವೂ ಓದಿ. ಗಾತ್ರ ನೋಡಿ: 500 ಜಿಬಿಯಿಂದ 1 ಟಿಬಿಗೆ. ಸರಿ ತಾನೆ? ಎಂಟರ್.

ಅಂಕಿಗಳು ಓಡತೊಡಗಿದವು. ಈ ಡಿಸ್ಕಿನ ವೇಗಕ್ಕೆ ಎರಡು ಗಂಟೆ ಬೇಕು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆಯೇ ಕೂತರು.

63 ಪರ್ಸೆಂಟ್ ಆಗಿತ್ತು. ಹೊರಗೆ ಬೆಳಕು ಇದ್ದಕ್ಕಿದ್ದಂತೆ ಮಂಕಾಯಿತು, ತೆಂಗಿನ ಗರಿಗಳು ಬಡಿದಾಡಿದವು, ಗುಡುಗು. ಯುಪಿಎಸ್ ಕೀ ಎಂದಿತು. ಕರೆಂಟ್ ಹೋಗಿದೆ. ನೋಡಿದಿರಾ, ಮೇಷ್ಟ್ರ ಕೈ ತಾನಾಗಿ ಮೌಸಿನ ಕಡೆ ಹೋಯಿತು. ಗಾಬರಿಯಿಲ್ಲ. ಕಂಟ್ರೋಲ್ ಸಿ ಒತ್ತುತ್ತೇನೆ, ಡಿಡಿರೆಸ್ಕ್ಯೂ ಅಚ್ಚುಕಟ್ಟಾಗಿ ನಿಲ್ಲುತ್ತದೆ, ನಕ್ಷೆ ಪೆನ್‌ಡ್ರೈವಿನಲ್ಲಿ ಕೂತಿದೆ. ಮೆಷಿನ್ನು ಆಫ್. ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಮನೆಯೆಲ್ಲ ಮೌನ.

ಕತ್ತಲಲ್ಲೇ ಊಟಕ್ಕೆ ಎಬ್ಬಿಸಿದರು. ಮುದ್ದೆ, ಉಪ್ಸಾರು, ಖಾರ. ಅಮ್ಮ ಮೊಬೈಲಿನ ಬೆಳಕು ಹಿಡಿದು ಬಡಿಸುತ್ತಿದ್ದಾರೆ. ಮೇಷ್ಟ್ರು ಶಿವನಸಮುದ್ರದ ಮಾತು ತೆಗೆದರು. 1902ರಲ್ಲಿ ಇದೇ ತಾಲ್ಲೂಕಿನ ಆ ನೀರಿನಿಂದ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಯವರೆಗೆ ತಂತಿಯಲ್ಲಿ ಹೋಯಿತು, ಮೂರು ವರ್ಷದ ಮೇಲೆ ಬೆಂಗಳೂರಿಗೆ ಬೆಳಕಾಯಿತು. ಮಕ್ಕಳನ್ನು ಪ್ರತಿ ವರ್ಷ ಅಲ್ಲಿಗೆ ಕರೆದೊಯ್ಯುತ್ತಿದ್ದರಂತೆ. ಮಾತು ಅಲ್ಲಿದ್ದರೂ ಕಣ್ಣು ನಡುಮನೆಯ ಕಡೆಗೇ ಇದೆ. ನನ್ನದೂ ಅಲ್ಲೇ. ನಿಂತ ಡಿಸ್ಕ್ ಮತ್ತೆ ತಿರುಗುತ್ತದೆ ಎಂಬ ಭರವಸೆ ಯಾರಿಗೂ ಇರುವುದಿಲ್ಲ. ಬಿಸಿಯಲ್ಲಿ ಓಡುತ್ತಿದ್ದದ್ದು ತಣ್ಣಗಾದ ಮೇಲೆ ಏಳದೆ ಹೋದದ್ದನ್ನು ನೋಡಿದ್ದೇನೆ. ಇದನ್ನು ಅವರಿಗೆ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ಒಂದು ಗಂಟೆಯ ಮೇಲೆ ಫ್ಯಾನು ತಿರುಗಿತು. ಯುಪಿಎಸ್ ಸ್ವಲ್ಪ ತುಂಬಿಕೊಳ್ಳಲಿ ಎಂದು ಇನ್ನೂ ಕಾಲು ಗಂಟೆ ಕಾದೆವು. ಈಗ ಸ್ವಿಚ್ಚು. ಬೆರಳನ್ನು ಹಳೇ ಡಿಸ್ಕಿನ ಅಂಚಿಗೆ ಹಗುರವಾಗಿ ಇಡಿ. ಏನಿಲ್ಲ. ಏನಿಲ್ಲ. ಲೊಚ್. ಆಮೇಲೆ ದೂರದ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸಣ್ಣ ನಡುಕ, ಅದು ಏರಿ ಏರಿ ಒಂದೇ ಶ್ರುತಿಗೆ ನಿಂತಿತು. ಬದುಕಿದೆ. ಅದೇ ಆಜ್ಞೆ, ಅದೇ ನಕ್ಷೆ. ಪರದೆ 63 ಪರ್ಸೆಂಟಿನಿಂದಲೇ ಮುಂದಕ್ಕೆ ಎಣಿಸತೊಡಗಿತು.

ಸಂಜೆ ಏಳಕ್ಕೆ ಗದ್ದೆ ಮುಗಿದು ಪೊದೆಗೆ ಬಂತು. ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿ ನೋಡಿತು, ಎಂಟು ಸೆಕ್ಟರ್ ಬಿಟ್ಟುಕೊಟ್ಟಿತು, ಉಳಿದವು ಬಾಯಿ ಬಿಡಲಿಲ್ಲ. 500 ಜಿಬಿಯಲ್ಲಿ ಕೈಗೆ ಸಿಗದೆ ಉಳಿದದ್ದು 128 ಸೆಕ್ಟರು, ಅಂದರೆ 64 ಕೆಬಿ. ಹಳೇ ಡಿಸ್ಕಿನ ಕೇಬಲ್ ತೆಗೆದು, ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟೆ. ಅದರ ಕೆಲಸ ಮುಗಿಯಿತು.

ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ಇನ್ನು ಬರೀ 15 ನಿಮಿಷ. ಎಸ್‌ಎಸ್‌ಡಿ ಕೂರಿಸಿದ್ದೇನೆ. ಈ ಮೆಷಿನ್ನಿಗೆ ವಿಂಡೋಸ್ 11 ಹತ್ತುವುದಿಲ್ಲ, ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಬೆಂಬಲ ನಿಂತಿತು. ಮೇಷ್ಟ್ರಿಗೆ ಬೇಕಾಗಿರುವುದು ಹಾಡು ಕೇಳುವುದು, ಕನ್ನಡದಲ್ಲಿ ಬರೆಯುವುದು. ಅದಕ್ಕೆ ಲಿನಕ್ಸ್ ಮಿಂಟ್ ಧಾರಾಳ. ಕೀಬೋರ್ಡಿನ ಪಟ್ಟಿಯಲ್ಲಿ ಕನ್ನಡದ ಮುಂದೆ 'ಕಗಪ' ಎಂದಿರುವುದನ್ನು ಅವರಿಗೆ ತೋರಿಸಿದೆ. ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರೇ ಅದು. ಮೇಷ್ಟ್ರು ನುಡಿಯಲ್ಲಿ ಕಲಿತ ಬೆರಳಿನಿಂದಲೇ ತಮ್ಮ ಹೆಸರು ಬರೆದು ನೋಡಿದರು. ಒಂದು ಕೀಲಿಯೂ ತಪ್ಪಲಿಲ್ಲ.

ಇನ್ನು ಆ 64 ಕೆಬಿ. ಕೆಟ್ಟ ಸೆಕ್ಟರು ಯಾವ ಫೈಲಿಗೆ ಸೇರಿದ್ದು ಎಂದು ಹುಡುಕುವ ಆಜ್ಞೆ ಲಿನಕ್ಸಿನಲ್ಲಿದೆ. ವಿಂಡೋಸಿನ ಯಾವುದೋ ಫೈಲಾಗಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಪರದೆಯ ಮೇಲೆ ಬಂದ ಹೆಸರು: 17. ಹದಿನೇಳನೇ ಕ್ಯಾಸೆಟ್ಟು.

ಮೇಷ್ಟ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಫೈಲುಗಳು ಒಂದು ಸೆಕೆಂಡಿಗೆ ಸುಮಾರು 176 ಸಾವಿರ ಬೈಟ್ ತಿನ್ನುತ್ತವೆ, ಆ ಲೆಕ್ಕದಲ್ಲಿ ಹೋಗಿರುವುದು ಸೆಕೆಂಡಿನ ಮೂರರಲ್ಲೊಂದು ಭಾಗಕ್ಕಿಂತ ಚೂರು ಹೆಚ್ಚು. 90 ನಿಮಿಷದಲ್ಲಿ ಅಷ್ಟು. ಎಲ್ಲಿ ಎಂಬುದನ್ನೂ ಲೆಕ್ಕ ಹಾಕಬಹುದು: 41ನೇ ನಿಮಿಷದ ಹತ್ತಿರ.

"ಹಾಕು," ಅಂದರು.

ಸ್ಪೀಕರಿನ ಗುಂಡಿಯನ್ನು ನೀವೇ ತಿರುಗಿಸಿ. ಮೊದಲು ಟೇಪಿನ ಸೊಯ್ ಎಂಬ ಸದ್ದು, ದೂರದಲ್ಲೆಲ್ಲೋ ನಾಯಿ, ಒಂದು ಕೂಸು ಅಳುತ್ತಿದೆ. 1996ರ ಒಂದು ರಾತ್ರಿ ನಡುಮನೆಗೆ ಬಂದು ಕೂತಿದೆ. ತಂಬೂರಿ ಶುರುವಾಯಿತು, ಅದರ ಕೆಳಗೆ ಗಗ್ಗರದ ಹೆಜ್ಜೆ. ಆಮೇಲೆ ದನಿ. ಒಡಕು ದನಿ, ಆದರೆ ಎಲ್ಲೂ ಅವಸರವಿಲ್ಲ, ಬೆಳಗಾಗಲು ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಗೊತ್ತಿರುವವರ ದನಿ. ಅಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತರು. 41ನೇ ನಿಮಿಷ. ಹಿಂದಾಡುವವರು ಸೊಲ್ಲು ಎತ್ತಿಕೊಂಡರು, ಮುಂದಿನವರು ಸಾಲು ಹಿಡಿದರು, ಸಾಲಿನ ನಡುವೆ ದನಿ, ತಂಬೂರಿ, ನಾಯಿ, ಟೇಪಿನ ಸೊಯ್ ಎಲ್ಲವೂ ಒಮ್ಮೆಗೇ ಇಲ್ಲವಾಗಿ ಮತ್ತೆ ಬಂದವು. ಕಣ್ಣು ಮಿಟುಕಿಸುವಷ್ಟು ಹೊತ್ತು. ಒಂದು ಮಾತು ಹೋಗಿದೆ.

"ಇನ್ನೊಂದ್ ಸಲ," ಅಂದರು ಮೇಷ್ಟ್ರು.

ಮತ್ತೆ ಹಾಕಿದೆ. ಸೊಲ್ಲು, ಸಾಲು. ಆ ತೂತು ಬರುವ ಜಾಗಕ್ಕೆ ಸರಿಯಾಗಿ ಮೇಷ್ಟ್ರು ಬಾಯಿ ತೆರೆದು, ರಾಗ ತಪ್ಪದೆ, ಆ ಒಂದು ಮಾತನ್ನು ತುಂಬಿದರು. ಹಾಡು ಎಲ್ಲೂ ನಿಲ್ಲದೆ ಮುಂದೆ ಹೋಯಿತು. ಆಮೇಲೆ ಅವರು ಕನ್ನಡಕ ಹಾಕಿಕೊಂಡು, ನಿಮ್ಮ ಕೈಯಿಂದ ನೋಟ್‌ಬುಕ್ ಇಸಿದುಕೊಂಡು, ಪೆನ್ನು ಹುಡುಕಿ, 17ರ ಮುಂದೆ 41ನೇ ನಿಮಿಷ ಎಂದು ಬರೆದು, ಪಕ್ಕದಲ್ಲಿ ಆ ಮಾತನ್ನು ದುಂಡಗೆ ಬರೆದು, ಕೆಳಗೊಂದು ಗೆರೆ ಎಳೆದರು.